ಮಾತ್ರೆಯ ಲಕೋಟೆಯ ಬೆನ್ನಿಗೆ

ಆರು ವಾರಕ್ಕೊಮ್ಮೆ, ಬುಧವಾರ, ಬೆಳಿಗ್ಗೆ ಹತ್ತಕ್ಕೆ
ಮೆಲ್ಬರ್ನಿನ ಪಡುವಲಲ್ಲಿ, ಸೇಂಟ್ ಆಲ್ಬನ್ಸಿನಲ್ಲಿ,
ಹಿಂಬಾಗಿಲಿಂದ ಒಳಬಂದು
ಚೆನ್ಸು ಶ್ವೆರೆಬ್ ಅವರ ಎರಡೂ ಪಾದ
ಬಿಸಿನೀರಿನ ಬೋಗುಣಿಯಲ್ಲಿಡುತ್ತೇನೆ.
ಸಕ್ಕರೆ ಕಾಯಿಲೆಯ ಕಾಲು. ಉಗುರು ತೆಗೆಯುವುದು ನನ್ನ ಕೆಲಸ.

ಎಂಬತ್ತೆಂಟು ತುಂಬಿತು.
ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಕಾರಿಗೆ ಬಾಗಿಲು ಕೂಡಿಸಿದರು.
ಮಾಲ್ಟಾದಿಂದ ಹಡಗು ಹತ್ತಿದ್ದು ಹತ್ತೊಂಬತ್ತಕ್ಕೆ,
ಆಮೇಲೆ ಹೋಗಲಿಲ್ಲ.
ಯಾಕೆಂದು ಕೇಳುವ ಸಲುಗೆ
ನನ್ನ ಕೈಗೆ ಇದೆ, ಬಾಯಿಗಿಲ್ಲ.

"ರಜೆಗೆ ಎಲ್ಲಿಗೆ?" ಅಂದರು ಆಗಸ್ಟಿನಲ್ಲಿ.
ಎಲ್ಲಾದರೂ ಬಿಸಿಲಿದ್ದಲ್ಲಿಗೆ, ಅಂದೆ.
ಮಾತ್ರೆಯ ಲಕೋಟೆ ಮಗುಚಿ
ನಡುಗುವ ಅಕ್ಷರದಲ್ಲಿ ಬರೆದುಕೊಟ್ಟರು:

ಕಣ್ಣು ಬರೆದ ದೋಣಿ.
ಬೆಳ್ಳುಳ್ಳಿ ಅರೆದ ಕಾಳಿನ ಚಟ್ನಿ, ಹೋಟೆಲಿನದಲ್ಲ, ಗಾಡಿಯದು.
ಗೋಜೊದ ಉಪ್ಪು.
ಕಲ್ಲಿನ ಕಿಟಕಿ.
ಹದಿನಾಲ್ಕನೇ ನಂಬರಿನ ಮನೆ, ಹಸಿರು ಬಾಗಿಲು.
ಬಡಿಯಬೇಡ. ನೋಡಿದರೆ ಸಾಕು.

ಈಗ ನವೆಂಬರ್.
ನಡುವೆ ಒಂದು ಬುಧವಾರ ಬೇರೆ ಯಾರೋ ಬಂದು
ಕಿರುಬೆರಳಿಗೆ ಗಾಯ ಮಾಡಿಹೋಗಿದ್ದಾಳೆ.
"ನಿನ್ನ ರಜೆಯ ದಂಡ ನಾನು ತೆತ್ತೆ," ಎಂದು ನಗುತ್ತಾರೆ.
ಹೆಬ್ಬೆರಳು ಹಿಡಿದು ಲೆಕ್ಕ ಒಪ್ಪಿಸತೊಡಗುತ್ತೇನೆ.

ದೋಣಿ ನೋಡಿದೆ: ಹಳದಿ, ನೀಲಿ, ಕೆಂಪು,
ಮೂತಿಯ ಎರಡೂ ಬದಿಗೆ ಹುಬ್ಬು ತೀಡಿದ ಕಣ್ಣು.
ನಮ್ಮ ಕಡೆ ಮಗುವಿನ ಕೆನ್ನೆಗೆ ಬೊಟ್ಟಿಡುತ್ತಾರೆ, ಹಾಗೆ.
ಚಟ್ನಿ ತಿಂದೆ. ಗಾಡಿಯವನು ಎರಡನೇ ಸಲ ದುಡ್ಡು ಬೇಡವೆಂದ.
ಬಟಾಣಿ ತುಂಬಿದ ಪಸ್ಟಿತ್ಸಿ ತಿಂದದ್ದು ಲೆಕ್ಕಕ್ಕಿಲ್ಲ;
ಪದರು ಪದರು ಉದುರಿ ನನ್ನ ಕರಿ ಅಂಗಿಯೆಲ್ಲ ಬಿಳಿ.
"ಮೊಲದ ಸಾರು?"
ಮೊಲ ಪಟ್ಟಿಯಲ್ಲಿರಲಿಲ್ಲ, ಅಂದೆ.
"ಮೊಲವನ್ನೂ ಹೇಳಿಕೊಡಬೇಕೇ!"

ಉಪ್ಪಿನ ಹತ್ತಿರ ಬಂದಾಗ ಮಾತು ನಿಧಾನವಾಯಿತು ನನ್ನದು.
ಬಂಡೆಯನ್ನೇ ಕೊರೆದು ಚೌಕ ಚೌಕ ಆಗರ,
ಒಂದೊಂದರಲ್ಲೂ ಅಂಗೈಯಷ್ಟು ಆಕಾಶ.
ಸಾಣಿಕಟ್ಟೆಯಲ್ಲಿ ನನ್ನ ಸೋದರತ್ತೆ
ಮೊಣಕಾಲವರೆಗೆ ಸೀರೆ ಎತ್ತಿ ಎಳೆಯುತ್ತಿದ್ದ ಹಲಗೆ,
ಅದೇ ಇಲ್ಲಿಯೂ, ಹಿಡಿ ಮಾತ್ರ ಗಿಡ್ಡ.
ಚಪ್ಪಲಿ ಕಳಚಿ ನಿಂತೆ.
ಒಬ್ಬಳು ಮುದುಕಿ, ತಲೆಗೆ ಬಟ್ಟೆ,
ನನ್ನ ಹಿಮ್ಮಡಿಯ ಬಿರುಕು ನೋಡಿ ಏನೋ ಅಂದಳು.
ಪರರ ಕಾಲು ತಿದ್ದುವವಳ ಕಾಲು ನೋಡು, ಅಂತಿರಬೇಕು.

ನಾಲ್ಕನೇ ಬೆರಳು.
ಕಿಟಕಿ ಭಾರಿ ಚೆನ್ನಾಗಿದೆ, ಅಂದುಬಿಟ್ಟೆ.
ಅದರಾಚೆ ಕಡಲು, ನೀವು ಹೇಳಿದ ಹಾಗೆಯೇ.

ಅವರು ಸ್ವಲ್ಪ ಹೊತ್ತು ನೀರು ನೋಡಿದರು.
"ಬಿದ್ದುಹೋಯಿತಲ್ಲ ಅದು. ಬಿರುಗಾಳಿಗೆ. ಟೀವಿಯಲ್ಲಿ ನೋಡಿದೆ."
ಕತ್ತರಿ ನಿಲ್ಲಿಸಿದೆ. ಮತ್ತೆ ಪಟ್ಟಿಯಲ್ಲಿ ಯಾಕೆ ಬರೆದಿರಿ?
"ನೀನು ನಿಜವಾಗಿ ಹೋಗುತ್ತೀಯ ಅಂತ ಎಣಿಸಿರಲಿಲ್ಲ."
ಟವೆಲಿನ ಅಂಚು ಮಡಚಿದರು, ಬಿಡಿಸಿದರು.
"ಅಲ್ಲೀಗ ಏನಿದೆ?"
ಗಾಳಿ, ಅಂದೆ. ತುಂಬ ಗಾಳಿ.
ಜನ ಬರುತ್ತಾರೆ, ಇಲ್ಲದ್ದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.
ಅದಕ್ಕೆ ತುಂಬ ನಕ್ಕರು. ಕೆಮ್ಮು ಬಂತು.

ಹದಿನಾಲ್ಕನೇ ನಂಬರು ಅವರು ಕೇಳಲಿಲ್ಲ.
ಬಾಗಿಲಿಗೆ ಬೂದು ಬಣ್ಣ, ಗುಂಡಿ ಒತ್ತುವ ಬೀಗ,
ವಾರಕ್ಕೊಬ್ಬರು ಪ್ರವಾಸಿ ಇಳಿಯುವ ಮನೆ;
ಹಸಿರು ಒಂದು ಉಗುರಿನಷ್ಟು
ತಿರುಗಣಿಯ ಸಂದಿಯಲ್ಲಿ ಉಳಿದಿತ್ತು.
ನಾನೂ ಹೇಳಲಿಲ್ಲ.

ಪಾದ ಒರೆಸಿ, ಬೆರಳಸಂದಿ ಒಣಗಿಸಿ,
ಚೀಲದಿಂದ ಪೊಟ್ಟಣ ತೆಗೆದೆ.
ಅವರಿಗೆ ಉಪ್ಪು ಕೂಡದು; ಬರೆದ ಚೀಟಿ ಫ್ರಿಜ್ಜಿನ ಮೇಲೇ ಇದೆ.
ಬ್ರೆಡ್ಡಿಗೆ ಟೊಮೆಟೊ ಉಜ್ಜಿ, ಎಣ್ಣೆ ಬಿಟ್ಟು,
ಮೇಲೆ ಮೂರು ಹರಳು. ಎಣಿಸಿಯೇ ಮೂರು.
ಬಾಯಿ ಮುಚ್ಚಿಕೊಂಡೇ ಬಹಳ ಹೊತ್ತು ಅಗಿದರು.

ನಮ್ಮಲ್ಲೊಂದು ಗಾದೆಯಿದೆ, ಅಂದೆ,
ಉಪ್ಪಿಗಿಂತ ರುಚಿಯಿಲ್ಲ.
"ಅಷ್ಟೇನಾ?"
ಅಷ್ಟೇ, ಅಂದೆ. ಉಳಿದರ್ಧ ಬೋಗುಣಿಯ ನೀರಿನೊಂದಿಗೆ
ಹಿತ್ತಲಿನ ನಿಂಬೆಯ ಬುಡಕ್ಕೆ ಚೆಲ್ಲಿಬಂದೆ.

ಅಷ್ಟರಲ್ಲಿ ಮಗಳು ಡೊರೀನಳ ಕಾರಿನ ಸದ್ದು.
ಎಂಬತ್ತೆಂಟರ ಮುದುಕ ಎದ್ದ ಚುರುಕು ನೋಡಬೇಕು!
ಪೊಟ್ಟಣ ಹೋದದ್ದು ಚರ್ಚಿಗೆ ಹಾಕುವ ಬೂಟಿನೊಳಕ್ಕೆ,
ಎಡಗಾಲಿನದಕ್ಕೆ.